ಸೀರೆಯೊಳಗೆ ಬಿದ್ದ ಫೈಟು

ಒಂದು ವಾರದಿಂದ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಕೊಂಡು ಕೂತಿದೆ. ಮಗಳು ಪ್ರಿಯಾ ಕೊಯಮತ್ತೂರಿನ ಕಾಲೇಜೊಂದರಲ್ಲಿ ಸಿನಿಮಾ ಓದುತ್ತಾಳೆ. ಸಿನಿಮಾ ನೋಡುವುದು ಗೊತ್ತು, ಓದುವುದು ಹೇಗೆ ಎಂದು ನೀವು ಕೇಳಬಹುದು. ನಾನೂ ಕೇಳಿ ಬೈಸಿಕೊಂಡಿದ್ದೇನೆ. ಆ ಹಾಳೆಯಲ್ಲಿ ಏಳು ಚೌಕಗಳಿವೆ. ಕಥೆಯ ಹಂದರ, ಪಾತ್ರಗಳು, ಕಥೆ ನಡೆಯುವ ಜಾಗ, ಸಂಘರ್ಷ, ತಿರುವು, ಯಾರ ಕಣ್ಣಿನಿಂದ ಕಥೆ ಕಾಣುತ್ತದೆ ಎಂಬುದು, ಕೊನೆಗೆ ಇಷ್ಟೆಲ್ಲ ಸೇರಿ ಹೇಳುವುದೇನು ಎಂಬುದು. ಮನೆಯಲ್ಲಿ ಯಾರಿಗಾದರೂ ತುಂಬ ಇಷ್ಟವಾದ ಸಿನಿಮಾ ಒಂದನ್ನು ಹಿಡಿದು ಈ ಚೌಕಗಳನ್ನು ತುಂಬಿಸಿಕೊಂಡು ಬರಬೇಕಂತೆ. ಅವಳ ಅಮ್ಮ ಸಿನಿಮಾ ಶುರುವಾದ ಹತ್ತು ನಿಮಿಷಕ್ಕೆ ನಿದ್ದೆ ಹೋಗುವವಳು. ಹಾಗಾಗಿ ಹಾಳೆ ನನ್ನ ಪಾಲಿಗೆ ಬಂತು.

"ಅಪ್ಪಾ, ನಿಂಗೆ ರೊಂಬ ಇಷ್ಟಾದ ಪಡಂ ಯಾವ್ದು? ಸೀಕ್ರಂ ಹೇಳು, ಬಸ್ ಬರ್ತದೆ."

"ಒಬ್ಳು ಅಕ್ಕ, ಒಬ್ಬ ತಮ್ಮ. ಅಕ್ಕ ಹೂ ಕಟ್ತಾಳೆ."

"ಪಡದ ಪೇರೇನು?"

"ಗೊತ್ತಿಲ್ಲ."

"ಯಾರು ಆಕ್ಟ್ ಮಾಡಿರೋದು?"

"ಅದೂ ಗೊತ್ತಿಲ್ಲ ಕಣ್ಣು."

ಪೆನ್ನಿನ ಮುಚ್ಚಳ ಹಾಕಿ ಅವಳು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಆ ಸಿನಿಮಾವನ್ನು ನೋಡಿದವಳು ನಮ್ಮ ಸೌಡತ್ತೆ, ನಾನಲ್ಲ ಎಂದು ವಿವರಿಸುವ ಹೊತ್ತಿಗೆ ಬಸ್ಸು ಬಂದು ಹೊರಟೇ ಹೋಯಿತು. ಅವಳಿಗೆ ಹೇಳಲಾಗದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನೂ ಬಸ್ಸಿನ ಅವಸರ ಇರಲಾರದು.

ನಾನೀಗ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಬಟ್ಟೆ ಪರೀಕ್ಷೆ ಮಾಡುವವನು. ಕೆಳಗೆ ದೀಪವಿರುವ ಗಾಜಿನ ಮೇಜಿನ ಮೇಲೆ ಬಟ್ಟೆ ಹರಿದು ಹೋಗುತ್ತಿರುತ್ತದೆ. ದೋಷ ಕಂಡ ಕಡೆ ಕೆಂಪು ಚೀಟಿ ಅಂಟಿಸುವುದು ನನ್ನ ಕೆಲಸ. ನಾನು ನೇಕಾರನಾಗಿದ್ದ ಕಾಲದಲ್ಲಿ ಯಾರಾದರೂ ಹೀಗೆ ಚೀಟಿ ಅಂಟಿಸುತ್ತ ಬಂದಿದ್ದರೆ ನನ್ನ ಸೀರೆಗಳಲ್ಲಿ ಬಟ್ಟೆಗಿಂತ ಚೀಟಿಯೇ ಹೆಚ್ಚು ಕಾಣುತ್ತಿತ್ತು. ಇನ್ನು ಈ ಬರವಣಿಗೆಯ ಮಾತು. ತಲೆಮಾರುಗಳಿಂದ ತಮಿಳುನಾಡಿನಲ್ಲಿದ್ದರೂ ನಾವು ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ಕನ್ನಡದ ಅಕ್ಷರ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ನನಗೆ ಕಲಿಸಿದವನು ಹಾವೇರಿ ಕಡೆಯಿಂದ ಬಂದ ಕಟಿಂಗ್ ಮಾಸ್ಟರ್. ಊಟದ ಬಿಡುವಿನಲ್ಲಿ ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಅ ಆ ತಿದ್ದಿಸಿದ. ನನ್ನ ಕನ್ನಡ ಕೇಳಿ ಅವನು ನಗುವುದು, ಅವನ ಕನ್ನಡ ಕೇಳಿ ನಾನು ನಗುವುದು, ನಡುವೆ ಅಕ್ಷರಾಭ್ಯಾಸ. ಹೀಗೆ ಕಲಿತ ವಿದ್ಯೆಯಲ್ಲಿ ಒತ್ತು ದೀರ್ಘ ಆಚೀಚೆಯಾದರೆ ಆ ಪುಣ್ಯಾತ್ಮನನ್ನು ಬೈಯಬೇಡಿ.

ನಮ್ಮದು ಪೊಳ್ಳಾಚಿ ಹತ್ತಿರದ ನೆಗಮಂ. ಹತ್ತಿಯ ಕೈಮಗ್ಗದ ಸೀರೆಗೆ ಹೆಸರಾದ ಊರು. ಮನೆಯ ನಡುಮನೆಯಲ್ಲೇ ನಾಲ್ಕು ಗುಂಡಿಮಗ್ಗ. ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಮೊದಲನೆಯದರಲ್ಲಿ ದೊಡ್ಡಪ್ಪ, ಎರಡನೆಯದರಲ್ಲಿ ದೊಡ್ಡಮ್ಮ, ಮೂರನೆಯದರಲ್ಲಿ ಅಪ್ಪ, ಬಾಗಿಲ ಹತ್ತಿರದ ನಾಲ್ಕನೆಯದರಲ್ಲಿ ಇಪ್ಪತ್ತೆರಡು ವರ್ಷದ ನಾನು. ಅಮ್ಮ ಅಡುಗೆಮನೆಯಲ್ಲಿ.

ಸೌಡತ್ತೆ ಅಪ್ಪನ ಅಕ್ಕ. ಪೂರ್ತಿ ಹೆಸರು ಸೌಡಮ್ಮ. ಗಂಡ ತೀರಿಕೊಂಡ ಮೇಲೆ ತವರಿಗೇ ಬಂದಿದ್ದಳು. ಒಂದು ಕಾಲಕ್ಕೆ ನಮ್ಮ ಬೀದಿಗೇ ಒಳ್ಳೆಯ ಕೈ ಅವಳದು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು, ಸೊಟ್ಟಗೆ ಕೂಡಿಕೊಂಡಿತು. ಅಲ್ಲಿಂದ ಮಗ್ಗದ ಋಣ ಹರಿಯಿತು. ನೇಕಾರರ ಮನೆಯಲ್ಲಿ ಮಗ್ಗವಿಲ್ಲದವರಿಗೆ ತಟ್ಟೆಯ ಮುಂದೆ ಕೂರುವುದಕ್ಕೇ ಸಂಕೋಚ. ಯಾರೂ ಏನೂ ಅನ್ನದಿದ್ದರೂ ಸಂಕೋಚ. ಅದನ್ನು ಕಂಡ ದೊಡ್ಡಪ್ಪ ಅವಳಿಗೊಂದು ಕೆಲಸ ಹುಡುಕಿದರು. ನಾಲ್ಕು ಮಗ್ಗ ನಿಲ್ಲಿಸಿ ಎಲ್ಲರೂ ಸಿನಿಮಾಕ್ಕೆ ಹೋಗುವಂತಿಲ್ಲವಷ್ಟೆ. ಆದ್ದರಿಂದ ಭಾನುವಾರ ಮಧ್ಯಾಹ್ನದ ಆಟಕ್ಕೆ ಸೌಡತ್ತೆ ಬಸ್ಸು ಹತ್ತಿ ಪೊಳ್ಳಾಚಿಗೆ ಹೋಗಿ ಬರಬೇಕು. ಸೋಮವಾರ ಬೆಳಿಗ್ಗೆ ನಾವು ಮಗ್ಗಕ್ಕೆ ಇಳಿದೊಡನೆ ನಡುಮನೆಯ ಕಂಬಕ್ಕೆ ಒರಗಿ ಕೂತು ಕಥೆ ಹೇಳಬೇಕು. ಒಂದು ಸೀರೆಗೆ ಎರಡೂವರೆ ದಿನ. ಅವಳ ಕಥೆಗೂ ಎರಡೂವರೆ ದಿನ. ಥಿಯೇಟರಿನಲ್ಲಿ ಅದೇ ಸಿನಿಮಾ ಎರಡೂವರೆ ಗಂಟೆಯಲ್ಲಿ ಮುಗಿಯುತ್ತಿತ್ತು ಎಂದು ತಿಳಿದಾಗ ನನಗೆ ಅದು ದೊಡ್ಡ ಮೋಸ ಅನ್ನಿಸಿತ್ತು.

ಮಗಳ ಹಾಳೆಯ ಮೂರನೆಯ ಚೌಕ, ಕಥೆ ನಡೆಯುವ ಜಾಗ, ಅದಕ್ಕೆ ಮೂರು ಗೆರೆ ಬಿಟ್ಟಿದ್ದಾರೆ. ಸೌಡತ್ತೆಗೆ ಅದು ಎಲ್ಲಿ ಸಾಲಬೇಕು! ಮನೆಯ ಬಾಗಿಲು ಯಾವ ದಿಕ್ಕಿಗೆ, ನೀರು ಎಲ್ಲಿಂದ ತರುತ್ತಾರೆ, ಒಲೆ ಸೌದೆಯದೋ ಗ್ಯಾಸಿನದೋ, ಇಷ್ಟು ಇತ್ಯರ್ಥವಾಗದೆ ಹೀರೋ ಒಳಗೆ ಕಾಲಿಡುವಂತಿರಲಿಲ್ಲ. ದೊಡ್ಡಪ್ಪ ಬೇರೆ ಅಡ್ಡ ಪ್ರಶ್ನೆ ಹಾಕುವವರು. "ಇರು ಇರು, ವಿಲನ್ ಹಿಂದಿನ ಬಾಗ್ಲಿಂದ ಬಂದ ಅಂದ್ಯಲ್ಲ, ಆಗ ದನ ಎಲ್ಲಿ ಕಟ್ಟಿತ್ತು?" ಸೌಡತ್ತೆ ಒಂದು ಕ್ಷಣ ಕಣ್ಣು ಮುಚ್ಚಿ ನೋಡಿ ದನವನ್ನು ಬೇವಿನ ಮರಕ್ಕೆ ಕಟ್ಟುತ್ತಿದ್ದಳು. ಆ ದನ ಸಿನಿಮಾದಲ್ಲಿ ಇತ್ತೋ ಇಲ್ಲವೋ ದೇವರಿಗೇ ಗೊತ್ತು.

ಪಾತ್ರಗಳಿಗೆ ಮುಖ ಬೇಕಲ್ಲ. ನಾವು ಪೋಸ್ಟರು ಕೂಡ ಕಾಣದವರು. ವಿಲನ್ನಿಗೆ ನೂಲಿಗೆ ಬಣ್ಣ ಅದ್ದುವ ಪಟ್ಟಡಿಯವನ ನಡಿಗೆ, ಹೀರೋಯಿನ್ನಿನ ಅಪ್ಪನಿಗೆ ಪೋಸ್ಟ್‌ಮ್ಯಾನಿನ ಕೆಮ್ಮು, ಹೀಗೆ ಬೀದಿಯವರನ್ನೇ ಒಬ್ಬೊಬ್ಬರನ್ನಾಗಿ ಕರೆದು ನಿಲ್ಲಿಸುತ್ತಿದ್ದಳು. ಬಣ್ಣದ ಪಟ್ಟಡಿಯವನು ನೂಲು ತಂದಾಗ ದೊಡ್ಡಮ್ಮ ಅವನಿಗೆ ಮಜ್ಜಿಗೆ ಕೊಡದೆ ಕಳಿಸಿದ್ದೂ ಉಂಟು. ಹಾಡು ಮಾತ್ರ ಅವಳಿಗೆ ಬಾರದು. "ಇಲ್ಲಿ ಒಂದು ಪಾಟ್ಟು. ನೀರು ಕುಡಿಯೋರು ಕುಡೀರಿ" ಎನ್ನುವಳು. ನಾವು ಚೊಂಬೆತ್ತಿ ಕುಡಿದು ಮುಗಿಸುವಷ್ಟರಲ್ಲಿ ಹೀರೋ ಹೀರೋಯಿನ್ನು ಮಲೆ ಹತ್ತಿ ಇಳಿದು ಬಂದು ಜಗಳ ಶುರು ಮಾಡಿರುತ್ತಿದ್ದರು.

ಎಲ್ಲಕ್ಕಿಂತ ಸೊಗಸು ಆರನೆಯ ಚೌಕ, ಯಾರ ಕಣ್ಣಿನಿಂದ ಕಥೆ ಎಂಬುದು. ಸೌಡತ್ತೆಯ ಎಲ್ಲ ಸಿನಿಮಾಗಳೂ ಆ ಮನೆಯ ಅಡುಗೆಯವಳ ಕಣ್ಣಿನಿಂದಲೇ ನಡೆಯುತ್ತಿದ್ದವು. ಯಜಮಾನ ಮಗನನ್ನು ಮನೆಯಿಂದ ಅಟ್ಟುವಾಗ ಅವಳು ಸಾರಿಗೆ ಹುಣಸೆ ಕಿವುಚುತ್ತಿದ್ದಳು. ಮಗ ಮರಳಿ ಬಂದಾಗ ಮೊದಲು ಬಾಗಿಲು ತೆಗೆದವಳೂ ಅವಳೇ. ಎಷ್ಟೋ ವರ್ಷದ ಮೇಲೆ ಅಂಥ ಒಂದು ಸಿನಿಮಾವನ್ನು ನಾನೇ ಟಿವಿಯಲ್ಲಿ ನೋಡಿದೆ. ಅಡುಗೆಯವಳು ಇಡೀ ಸಿನಿಮಾದಲ್ಲಿ ಎರಡು ಸಲ ಬಂದು, ಒಂದು ಸಲ ಕಾಫಿ ಕೊಟ್ಟು, ಒಂದು ಸಲ ಲೋಟ ತೆಗೆದುಕೊಂಡು ಹೋದಳು. ನಾನು ಕೊನೆಯವರೆಗೂ ಅವಳಿಗಾಗಿ ಕಾದೆ. ಇನ್ನು ಏಳನೆಯ ಚೌಕ ದೊಡ್ಡಮ್ಮನ ಪಾಲು. ಕಥೆ ಮುಗಿದೊಡನೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ದೊಡ್ಡೋರು ಮೊದ್ಲೇ ಬಾಯಿ ಬಿಟ್ಟಿದ್ರೆ ಇಷ್ಟೆಲ್ಲ ಆಯ್ತಿತ್ತಾ?" ಯಾವ ಸಿನಿಮಾಕ್ಕೆ ಬೇಕಾದರೂ ಹಾಕಿ ನೋಡಿ, ಸರಿಹೋಗುತ್ತದೆ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ನೇಯುವವನು ಲಾಳಿ ಅತ್ತಿತ್ತ ಓಡಿಸಿದ ಮೇಲೆ ಪ್ರತಿ ಎಳೆಯನ್ನೂ ಹಣಿಗೆಯಿಂದ ಒಂದೇ ಸಮ ಹೊಡೆದು ಕೂರಿಸಬೇಕು. ಜೋರಾಗಿ ಹೊಡೆದರೆ ಬಟ್ಟೆ ದಪ್ಪ, ಮೆಲ್ಲಗೆ ಹೊಡೆದರೆ ಜಾಳು. ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಮೂವರಿಗೂ ಕಿವಿ ಬೇರೆ, ಕೈ ಬೇರೆ. ನನಗೆ ಎರಡೂ ಒಂದೇ. ಸೌಡತ್ತೆ ತನ್ನ ಸೊಟ್ಟ ಕೈಯನ್ನೇ ಎತ್ತಿ ಫೈಟು ಶುರು ಮಾಡಿದಳೆಂದರೆ ನನ್ನ ಹಣಿಗೆ ದಡಾರ್ ದಡಾರ್ ಎಂದು ವಿಲನ್ನಿನ ಎದೆಗೇ ಬೀಳುತ್ತಿತ್ತು. ತಾಯಿ ಹಾಸಿಗೆ ಹಿಡಿದಳೆಂದರೆ ನನ್ನ ಕೈಯಲ್ಲಿ ಬಲವೇ ಇರುತ್ತಿರಲಿಲ್ಲ.

ಒಂದು ದಿನ ಮೊದಲಾಳಿ ಬಂದರು. ನಮಗೆ ನೂಲು ಕೊಟ್ಟು ಸೀರೆ ಒಯ್ಯುತ್ತಿದ್ದವರು ಅವರು, ನಮ್ಮ ಜನವೇ. ನನ್ನ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದರು. ಉದ್ದಕ್ಕೂ ಪಟ್ಟಿ ಪಟ್ಟಿ.

"ಏನು ತಂಬಿ ಇದು? ಇಲ್ಲಿ ಗೋಣಿಚೀಲ, ಇಲ್ಲಿ ಸೊಳ್ಳೆಪರದೆ!"

ನಾನು ನನ್ನ ಕಾಲಿನ ಹೆಬ್ಬೆರಳು ನೋಡುತ್ತ ನಿಂತೆ. ದೊಡ್ಡಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಮುಂದೆ ಬಂದು ಸೀರೆಯ ಮೇಲೆ ಬೆರಳಿಟ್ಟರು.

"ಇದು ಗೋಡೌನ್ ಫೈಟು ಸಾಮಿ. ಇದು ತಾಯಿ ಆಸ್ಪತ್ರೆ ಸೇರಿದ್ದು. ಇದು ಮತ್ತೆ ಫೈಟು. ಈ ಕಡೆ ಜಾಳು ಇರೋದು ಕೋರ್ಟು, ತೀರ್ಪು ಹೇಳೋಕೆ ಮುಂಚೆ."

ಮೊದಲಾಳಿ ಸೀರೆ ಮಡಿಸಿ ನನ್ನ ಕೈಗೆ ಕೊಟ್ಟರು. ನಗಲಿಲ್ಲ. "ಸೌಡಕ್ಕ, ತಪ್ಪು ತಿಳ್ಕೋಬೇಡ. ಕಥೆ ನಿಂತ್ರೆ ಪಾವು ಈ ಮನೆಗೆ ಬರ್ತದೆ. ಕಥೆ ನಡೆದ್ರೆ ಪಾವು ಬೇರೆ ಮನೆಗೆ ಹೋಗ್ತದೆ." ಪಾವು ಎಂದರೆ ಮಗ್ಗಕ್ಕೆ ಏರಿಸುವ ಹಾಸುನೂಲು. ಅದು ಬಾರದಿದ್ದರೆ ನಾಲ್ಕು ಮಗ್ಗವೂ ಬರೀ ಗುಂಡಿ. ಸೌಡತ್ತೆ "ಶರಿ ಸಾಮಿ" ಅಂದಳು.

ಮುಂದಿನ ಸೋಮವಾರ ನಡುಮನೆಯಲ್ಲಿ ಮಗ್ಗದ ಸದ್ದು ಬಿಟ್ಟು ಬೇರೇನೂ ಇಲ್ಲ. ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಎಡಗೈಯಲ್ಲಿ ಬೀನ್ಸ್ ಮುರಿಯುತ್ತ ಕೂತಿದ್ದಳು. ಮಧ್ಯಾಹ್ನ ಅಮ್ಮ ಅನ್ನ ಬಡಿಸುವಾಗ ಕೈ ಅಡ್ಡ ಹಿಡಿದು "ನಂಗೆ ಅರ್ಧ ಸಾಕು" ಅಂದಳು. ಅವಳ ಕೆಲಸ ಕಿತ್ತುಕೊಂಡವನು ನಾನು. ಊಟ ಬಿಟ್ಟೆದ್ದು ಸೈಕಲ್ ಹತ್ತಿ ಮೊದಲಾಳಿಯ ಮನೆಗೆ ಹೋದೆ. ಹಿಂದೆಂದೂ ಅವರ ಮುಂದೆ ಎರಡು ಮಾತು ಕೂಡಿಸಿ ಆಡಿದವನಲ್ಲ. ಅಂದು ಎಲ್ಲಿಂದ ಬಂತೋ ಧೈರ್ಯ.

"ಒಂದೇ ಒಂದು ಸಾರಿ ಬಿಡಿ ಸಾಮಿ. ಅತ್ತೆ ಕಥೆ ಹೇಳ್ಲಿ, ನಾ ಸಮವಾಗಿ ನೇಯ್ತೀನಿ."

ಅವರು ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಿಸಿದರು. "ಮಗ್ಗಕ್ಕೊಂದು ಸೀರೆ. ನಾನೇ ಬಂದು ನೋಡ್ತೀನಿ. ಒಂದು ಪಟ್ಟಿ ಕಂಡ್ರೂ ಕಥೆಗೆ ಕೈ ಮುಗಿದುಬಿಡ್ಬೇಕು" ಅಂದರು.

ಆ ಭಾನುವಾರ ಸೌಡತ್ತೆ ಹೊಸ ರವಿಕೆ ಹಾಕಿಕೊಂಡು ಪೊಳ್ಳಾಚಿಗೆ ಹೋದಳು. ಅವಳ ಗ್ರಹಚಾರಕ್ಕೆ ಅಲ್ಲಿ ನಡೆಯುತ್ತಿದ್ದದ್ದು ಆ ಅಕ್ಕತಮ್ಮನ ಸಿನಿಮಾ. ಅಕ್ಕ ಮಲ್ಲಿಗೆ ಕಟ್ಟಿ ಮಾರಿ ತಮ್ಮನನ್ನು ಓದಿಸುತ್ತಾಳೆ. ಅವಳಿಗೊಂದು ಕೆಮ್ಮು. ಕೆಮ್ಮಿದಾಗಲೆಲ್ಲ ಹೂವಿನ ಬುಟ್ಟಿಯಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ, ತಮ್ಮನಿಗೆ ಹೇಳುವುದಿಲ್ಲ. ತಮ್ಮ ಸುಳ್ಳು ಕೇಸಿನಲ್ಲಿ ಜೈಲು ಸೇರುತ್ತಾನೆ. ಜೈಲೆಂದರೆ ಫೈಟು ಇದ್ದೇ ಇದೆಯಲ್ಲ. ನಾನು ಫೈಟಿನ ಉದ್ದಕ್ಕೂ ಟವಲಿನ ತುದಿ ಕಚ್ಚಿಕೊಂಡು ಒಂದು ಎರಡು ಎಂದು ಎಣಿಸುತ್ತ ಹಣಿಗೆ ಹೊಡೆದೆ. "ಕಿವಿ ಕಥೆ ಕೇಳ್ಲಿ, ಕೈಗೆ ಏನೂ ಹೇಳ್ಬೇಡ" ಎಂದು ಪಕ್ಕದ ಮಗ್ಗದಿಂದ ಅಪ್ಪ ಗುನುಗುತ್ತಲೇ ಇದ್ದರು. ಎರಡು ದಿನ ಹೇಗೋ ಕಳೆಯಿತು. ಒಡಲು ಮುಗಿದು ಸೆರಗು ಶುರುವಾಯಿತು.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಆಸ್ಪತ್ರೆಯ ಮಂಚದ ಮೇಲೆ. ತಮ್ಮ ಜೈಲಿನಿಂದ ಬಿಡುಗಡೆಯಾಗಿ ಓಡಿ ಬರುತ್ತಿದ್ದಾನೆ. ನನ್ನ ಎಣಿಕೆ ತಪ್ಪಿತು. ಲಾಳಿ ಒಂದು ಸಲ ನಡುದಾರಿಯಲ್ಲೇ ನಿಂತಿತು. ಸೌಡತ್ತೆ ಮಾತು ನಿಲ್ಲಿಸಿದಳು. ನಾನು ಮತ್ತೆ ಲಾಳಿ ಸರಿಮಾಡಿಕೊಂಡೆ. "ತಮ್ಮ ಬಂದ. ರಕ್ತ ಕೊಟ್ಟ. ಅಕ್ಕ ಕಣ್ಣು ಬಿಟ್ಳು. ಎದ್ದು ಕೂತು ಕಾಫಿ ಕೇಳಿದ್ಳು. ಶುಭಂ" ಎಂದು ಒಂದೇ ಉಸಿರಿಗೆ ಹೇಳಿ ಎದ್ದು ಒಳಗೆ ಹೋದಳು. ಕಥೆ ಬೇಗ ಮುಗಿಯಿತಲ್ಲ ಎಂದು ಅನ್ನಿಸಿತು, ಆದರೆ ಅಕ್ಕ ಬದುಕಿದ ಸಂತೋಷದಲ್ಲಿ ಯಾರೂ ಕೇಳಲಿಲ್ಲ. ಉಳಿದ ಸೆರಗನ್ನು ನಾನು ಹಗುರ ಮನಸ್ಸಿನಲ್ಲಿ, ಸಮವಾಗಿ ನೇಯ್ದು ಮುಗಿಸಿದೆ.

ಮಾರನೆಯ ದಿನ ಹತ್ತು ಗಂಟೆಗೆ ಮೊದಲಾಳಿ ಬಂದರು. ಪಾವು ಮುಗಿದಿತ್ತು. ಮಗ್ಗಗಳು ಖಾಲಿ, ನಾಲ್ಕು ಸೀರೆ ಮಡಿಸಿ ಇಟ್ಟಿತ್ತು. ಒಂದೊಂದನ್ನೇ ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದರು. ನನ್ನದನ್ನು ಎರಡು ಸಲ ನೋಡಿದರು. ಬೆರಳಿನಿಂದ ಸವರಿದರು.

"ಇದು ಯಾರ ಕೈ?"

"ನಂದು ಸಾಮಿ."

"ನಂಬೋಕಾಗಲ್ಲ. ಶರಿ, ಪಾವು ತಪ್ಪಲ್ಲ."

ನನಗೆ ಕುಣಿಯಬೇಕು ಅನ್ನಿಸಿತು. ಅಮ್ಮ ಓಡಿ ಹೋಗಿ ಕಾಫಿ ತಂದಳು. ದೊಡ್ಡಪ್ಪ ಮೀಸೆ ತಿರುವಿದರು. ಮೊದಲಾಳಿ ಕಾಫಿ ಕುಡಿಯುತ್ತ, ಯಾರನ್ನೂ ನೋಯಿಸುವ ಉದ್ದೇಶವಿಲ್ಲದೆ, ಮೆಚ್ಚಿಕೆಯ ದನಿಯಲ್ಲೇ ಹೇಳಿದರು:

"ನಾನೂ ಆ ಪಡಂ ನೋಡ್ದೆ. ಕೊನೇಲಿ ಅಕ್ಕ ಸಾಯೋವಾಗ ಥಿಯೇಟರಲ್ಲಿ ಟವಲಲ್ಲಿ ಮುಖ ಮುಚ್ಕೊಂಡು ಅತ್ತುಬಿಟ್ಟೆ. ಅಂಥದ್ರಲ್ಲಿ ನಿಮ್ಮ ಒಬ್ರ ಕೈಯೂ ನಡುಗ್ಲಿಲ್ಲ ಅಂದ್ರೆ!"

ದೊಡ್ಡಮ್ಮನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. "ಸತ್ಳಾ? ನೆನ್ನೆ ಕಾಫಿ ಕುಡಿದ್ಳಲ್ಲ!"

ದೊಡ್ಡಪ್ಪ ತಂಗಿಯ ಕಡೆ ತಿರುಗಿದರು. "ಸೌಡು, ನಿಜ ಹೇಳು. ಅವ್ಳು ಬದುಕಿದ್ದಾಳಾ, ಇಲ್ವಾ?"

ಸೌಡತ್ತೆ ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ನಿಧಾನವಾಗಿ ಅಂದಳು: "ಇದ್ದದ್ದು ಇದ್ದಂಗೇ ಹೇಳೋಣ ಅಂತಾನೇ ಕೂತೆ ಅಣ್ಣಾ. ಇವನ ಕೈ ನೋಡ್ದೆ. ಲಾಳಿ ನಿಂತೋಯ್ತು. ಒಂದು ಸೆರಗು ಕೆಡ್ತದಲ್ಲ ಅಂತ ಅವ್ಳನ್ನ ಎಬ್ಬಿಸಿ ಕೂರಿಸ್ಬಿಟ್ಟೆ. ಇಷ್ಟು ವರ್ಷದಲ್ಲಿ ಒಂದು ಕಥೆ ಕೊನೇನೂ ಸುಳ್ಳು ಹೇಳ್ದವಳಲ್ಲ. ರಾತ್ರಿ ಎಲ್ಲ ಅವ್ಳು ಬಂದು ಕೇಳ್ದಂಗಾಯ್ತು. ಪಾವು ಬರ್ಲಿ ಸಾಮಿ, ನೀವೆಲ್ಲ ನೇಯ್ರಿ. ನಾ ಇನ್ನು ಹೇಳಲ್ಲ. ಸುಳ್ಳು ಹೇಳಿ ಉಳಿಸ್ಕೊಳೋ ಕೆಲ್ಸ ನಂಗೆ ಬೇಡ."

ಮೊದಲಾಳಿ ಲೋಟ ಹಿಡಿದು, ತಾನೇನು ಕೆಡಿಸಿದೆ ಎಂದು ತಿಳಿಯದೆ ಕೂತಿದ್ದರು. ಗೆದ್ದ ಮೇಲೆ ಸೋತ ಹಾಗಾಗಿತ್ತು. ನನಗೆ ಅತ್ತೆಯ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ನನ್ನ ಹಾಳು ಕೈಯ ದೆಸೆಯಿಂದ ಆ ಅಕ್ಕನಿಗೆ ನೆಟ್ಟಗೆ ಸಾಯುವುದಕ್ಕೂ ಆಗಲಿಲ್ಲ. ಹಾಗೆ ಅಂದುಕೊಂಡು ಕೈ ನೋಡಿಕೊಂಡೆ. ಕೈಯಲ್ಲಿ ಲಾಳಿ ಇರಲಿಲ್ಲ. ಮಗ್ಗದಲ್ಲಿ ನೂಲೂ ಇರಲಿಲ್ಲ.

"ಅತ್ತೆ, ಈಗ ಹೇಳು" ಅಂದೆ. "ಸೀರೆ ಇಳಿದಾಯ್ತು. ಮಗ್ಗ ಖಾಲಿ ಕೂತದೆ. ನಮ್ಮ ಕೈ ಏನಾದ್ರೂ ಮಾಡ್ಕೊಳ್ಲಿ, ಕೆಡೋಕೆ ಏನಿದೆ?"

ಅಪ್ಪ ಮೊದಲು ನಕ್ಕರು. ದೊಡ್ಡಪ್ಪ ಮಗ್ಗದ ದಂಡೆಯ ಮೇಲೆ, ಗುಂಡಿಯೊಳಗೆ ಕಾಲಿಳಿಸದೆ, ಚಕ್ಕಂಬಕ್ಕಳ ಹಾಕಿ ಕೂತರು. ಅವರು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡಮ್ಮ ಸೆರಗನ್ನು ಮುಂಚಿತವಾಗಿಯೇ ಕೈಯಲ್ಲಿ ಹಿಡಿದುಕೊಂಡರು. ಅಮ್ಮ ಒಲೆ ಆರಿಸಿ ಬಂದಳು. ಸೌಡತ್ತೆ ಮೊದಲಾಳಿಯ ಕಡೆ ನೋಡಿದಳು.

"ನೀವು ನೋಡಿದ್ದೀರಲ್ಲ ಸಾಮಿ. ನಿಮ್ಗೆ ಹೊತ್ತಾಗ್ತದೆ."

"ನೋಡಿರೋದು ಶರಿ" ಎಂದರು ಮೊದಲಾಳಿ, ಗೋಡೆಗೆ ಒರಗುತ್ತ. "ನೀ ಹೇಳಿ ಕೇಳಿಲ್ವೇ."

ಅತ್ತೆ ಆಸ್ಪತ್ರೆಯ ಮಂಚದಿಂದ ಶುರು ಮಾಡಿದಳು. ಅವಸರವೇ ಇಲ್ಲ. ಆ ಅಕ್ಕ ಮಲಗಿದಲ್ಲೇ ಬೆರಳು ಆಡಿಸುತ್ತಿದ್ದಳಂತೆ. ಹೂ ಕಟ್ಟುವ ಬೆರಳು, ದಾರವಿಲ್ಲದಿದ್ದರೂ ಸುಮ್ಮನಿರದು. ಪಕ್ಕದ ಮಂಚದವಳು ಕೇಳಿದರೆ "ತಮ್ಮ ಬರ್ತಾನೆ, ಮಾಲೆ ಇನ್ನೂ ಒಂದು ಮೊಳ ಇದೆ" ಅಂದಳಂತೆ. ತಮ್ಮ ಬಾಗಿಲಿಗೆ ಬಂದಾಗ ಬೆರಳು ನಿಂತಿತ್ತು. ಅತ್ತೆ ತನ್ನ ಸೊಟ್ಟ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು ತೋರಿಸಿದಳು, ಹೀಗೆ ಎಂದು. ಅಷ್ಟೆ.

ನಾವು ಅತ್ತೆವು. ಲಾಳಿ ಹಿಡಿದವನಿಗೆ ಕಣ್ಣೊರೆಸಿಕೊಳ್ಳುವ ಅನುಕೂಲವಿಲ್ಲ. ಎರಡೂ ಕೈ ಬಿಡುವಾಗಿಟ್ಟುಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತ, ಮೂಗು ಸೀಟಿಕೊಂಡು ಅಳುವುದರಲ್ಲಿ ಇಷ್ಟು ಸುಖ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ದೊಡ್ಡಪ್ಪ ಅಳುತ್ತ ಅಳುತ್ತಲೇ ಅಪ್ಪನನ್ನು ನೋಡಿ ನಕ್ಕುಬಿಟ್ಟರು. ಅಪ್ಪನ ಅಳು ಬೆಕ್ಕಿನ ಸದ್ದಿನ ಹಾಗಿತ್ತು. ಆಮೇಲೆ ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕಳು. ಅಮ್ಮ ಅನ್ನಕ್ಕೆ ಇಡಲು ಎದ್ದಾಗ ಅತ್ತೆ ಅವಳ ಬೆನ್ನಿಗೆ ಕೂಗಿ ಹೇಳಿದ್ದು ಕೇಳಿಸಿತು: "ಕೊಂಚ ಜಾಸ್ತಿ ಇಡೇ, ಹಸಿವಾಯ್ತದೆ."

ಮೊದಲಾಳಿ ಟವಲಿನಲ್ಲಿ ಮುಖ ಒರೆಸಿ, ಸೀರೆಗಳನ್ನು ಬಗಲಿಗೆ ಸಿಕ್ಕಿಸಿಕೊಂಡು ಎದ್ದರು. ಹೊಸಿಲು ದಾಟಿದವರು ಮತ್ತೆ ತಿರುಗಿ ನಿಂತರು.

"ಸೌಡಕ್ಕ, ಪಾವು ಸೋಮವಾರ ಬರ್ತದೆ. ನೀ ಕಥೆ ಶುರು ಮಾಡ್ಕೋ. ಆದ್ರೆ ಸೀರೆ ಇಳಿದು ನಾ ಬರೋವರ್ಗೂ ಯಾರ್ನೂ ಸಾಯಿಸ್ಬೇಡ."